ಕ್ಯೂಬಿಟ್‌ನ ಗುಟ್ಟು ಸೋರುವುದೆಲ್ಲಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯ ಕ್ವಾಂಟಮ್ ಕಂಪ್ಯೂಟರ್ ಲೇಖನದಲ್ಲಿ ‘ಡಿಕೊಹೆರೆನ್ಸ್’ ಎಂಬ ಮಾತು ಒಂದೇ ಸಾಲಿನಲ್ಲಿ ಬಂದು ಹೋಗಿತ್ತು: ಆ ಕಂಪ್ಯೂಟರಿನ ಬಿಟ್ ಆದ ಕ್ಯೂಬಿಟ್ ತನ್ನ ಕ್ವಾಂಟಮ್ ಗುಣ ಕಳೆದುಕೊಳ್ಳುವುದು. ಮಂಗಳೂರು, ಉಡುಪಿ ಕಡೆಯ ಓದುಗರು ಅಷ್ಟಕ್ಕೆ ಬಿಡಲಿಲ್ಲ. ಬಂದ ಪ್ರಶ್ನೆಗಳಲ್ಲಿ ಆರನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಹೊರಗಿನ ಗದ್ದಲದಿಂದ ಕ್ಯೂಬಿಟ್ ಕೆಡುವುದೇ ಡಿಕೊಹೆರೆನ್ಸ್ ಎಂದು ಮಕ್ಕಳಿಗೆ ಹೇಳಿಕೊಡಬಹುದೇ?
(ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಉಡುಪಿ)

ಹೇಳಬಹುದು ಮೇಡಂ, ಆದರೆ ಅದು ಅರ್ಧ ಮಾತ್ರ. ಕ್ಯೂಬಿಟ್ 0 ಮತ್ತು 1ರ ಬೆರಕೆಯಲ್ಲಿರುವಾಗ ಆ ಎರಡರ ನಡುವೆ ಒಂದು ನಿಶ್ಚಿತ ಫೇಸ್ ಸಂಬಂಧ (ಒಂದರ ಅಲೆ ಇನ್ನೊಂದರದ್ದಕ್ಕಿಂತ ಎಷ್ಟು ಹಿಂದೆ-ಮುಂದೆ ಎಂಬ ಲೆಕ್ಕ) ಇರುತ್ತದೆ. ಕ್ವಾಂಟಮ್ ಗಣನೆಯ ಕಸುಬೆಲ್ಲ ಈ ಸಂಬಂಧವನ್ನೇ ನಂಬಿಕೊಂಡಿದೆ: ತಪ್ಪು ಉತ್ತರಗಳ ಅಲೆಗಳು ಒಂದನ್ನೊಂದು ಅಳಿಸಬೇಕು, ಸರಿ ಉತ್ತರದ ಅಲೆಗಳು ಕೂಡಿಕೊಳ್ಳಬೇಕು. ಈಗ ಕ್ಯೂಬಿಟ್ 0ಯಲ್ಲಿದೆಯೋ 1ರಲ್ಲಿದೆಯೋ ಎಂಬ ಸುಳಿವು ಸುತ್ತಲಿನ ಯಾವುದೋ ಒಂದು ಫೋಟಾನಿಗೆ (ಬೆಳಕಿನ ಕಣಕ್ಕೆ) ಸಿಕ್ಕಿತೆನ್ನಿ. ಕ್ಯೂಬಿಟ್‌ಗೆ ಪೆಟ್ಟು ಬೀಳಬೇಕಿಲ್ಲ, ಅದರ ಶಕ್ತಿ ಕಡಿಮೆಯಾಗಬೇಕಿಲ್ಲ. ಗುಟ್ಟು ಹೊರಬಿದ್ದರೆ ಸಾಕು, ಅಲೆಗಳು ಕೂಡುವುದೂ ಅಳಿಸುವುದೂ ನಿಂತುಹೋಗುತ್ತದೆ. ಆ ಸುಳಿವನ್ನು ಮನುಷ್ಯರು ಯಾರೂ ಓದಬೇಕೆಂದೇನೂ ಇಲ್ಲ. ಗೋಡೆಗೂ ಕಿವಿಯಿದೆ ಎನ್ನುತ್ತೇವಲ್ಲ, ಇಲ್ಲಿ ಗೋಡೆಯೊಂದೇ ಇದ್ದರೂ ಕೆಲಸ ಕೆಟ್ಟಿತು.

ತರಗತಿಯಲ್ಲಿ ಹೇಳಲು ಒಂದು ಒಳ್ಳೆಯ ಪ್ರಯೋಗವಿದೆ. ವಿಯೆನ್ನಾದಲ್ಲಿ 70 ಕಾರ್ಬನ್ ಪರಮಾಣುಗಳ ಚೆಂಡಿನಂಥ ಅಣುಗಳನ್ನು ಸೀಳುಗಳ ಮೂಲಕ ಹಾಯಿಸಿದರು. ಅಲೆಗಳಂತೆ ಪಟ್ಟೆಗಳು ಮೂಡಿದವು. ಅದೇ ಅಣುಗಳನ್ನು ಲೇಸರ್‌ನಿಂದ ಕಾಯಿಸುತ್ತಾ ಹೋದಂತೆ ಪಟ್ಟೆಗಳು ಮಸುಕಾಗಿ ಕೊನೆಗೆ ಮಾಯವಾದವು. ಕಾದ ಅಣು ತಾನೇ ಬೆಳಕು ಸೂಸಿ, ಯಾವ ದಾರಿಯಲ್ಲಿ ಹೋದೆನೆಂದು ಜಾಹೀರು ಮಾಡುತ್ತಿತ್ತು. 2004ರಲ್ಲಿ ಪ್ರಕಟವಾದ ಕೆಲಸವಿದು. ವಿಚಾರ ಮಾತ್ರ ಇನ್ನೂ ಹಳೆಯದು: ಜರ್ಮನಿಯ ಡೀಟರ್ ಝೇ 1970ರಲ್ಲಿ ಬರೆದರು, 80ರ ದಶಕದಲ್ಲಿ ವೊಯ್ಚೆಕ್ ಝುರೆಕ್ ಅದನ್ನು ಬೆಳೆಸಿದರು.

ನೀವು ಹೇಳಿದ ‘ಗದ್ದಲ’ದ ಅರ್ಧವೂ ಉಂಟು. ಕಾಂತಕ್ಷೇತ್ರವೋ ವಿದ್ಯುದಂಶವೋ ನಿಧಾನಕ್ಕೆ ಓಲಾಡಿದರೆ ಕ್ಯೂಬಿಟ್‌ನ ಆವರ್ತಾಂಕ ಅತ್ತಿತ್ತ ಸರಿದು ಫೇಸ್ ಲೆಕ್ಕ ತಪ್ಪುತ್ತದೆ. ಎರಡಕ್ಕೂ ಒಂದು ವ್ಯತ್ಯಾಸ: ಓಲಾಟದಿಂದ ತಪ್ಪಿದ್ದನ್ನು ಕೆಲವೊಮ್ಮೆ ಮರಳಿ ಪಡೆಯಬಹುದು, ಸೋರಿಹೋದ ಗುಟ್ಟನ್ನು ವಾಪಸ್ ತರಲಾಗದು. ಶ್ರೋಡಿಂಗರ್‌ನ ಬೆಕ್ಕನ್ನು ಮಕ್ಕಳು ಕೇಳಿಯೇ ಕೇಳುತ್ತಾರೆ. ಬೆಕ್ಕು ಬದುಕು-ಸಾವಿನ ಬೆರಕೆಯಲ್ಲಿ ನಮಗೇಕೆ ಕಾಣುವುದಿಲ್ಲ ಎಂಬುದನ್ನು ಡಿಕೊಹೆರೆನ್ಸ್ ಚೆನ್ನಾಗಿ ವಿವರಿಸುತ್ತದೆ. ಎರಡರಲ್ಲಿ ಇಂಥದ್ದೇ ಏಕೆ ಬಂತು ಎಂಬುದನ್ನು ವಿವರಿಸುವುದಿಲ್ಲ. ವಿವರಿಸುತ್ತದೆ ಎಂದು ಬರೆಯುವ ಪುಸ್ತಕಗಳನ್ನು ಸ್ವಲ್ಪ ಅನುಮಾನದಿಂದ ಓದಿ.

ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿ ಕಿಸ್ಕಿಟ್ ಎಂಬ ಕ್ವಾಂಟಮ್ ತಂತ್ರಾಂಶ ಮತ್ತು ಅದರ ಏರ್ ಸಿಮ್ಯುಲೇಟರ್ ಹಾಕಿ ರಾಮ್ಸೆ ಪ್ರಯೋಗ (ಫೇಸ್ ಎಷ್ಟು ಹೊತ್ತು ಉಳಿಯುತ್ತದೆಂದು ಅಳೆಯುವುದು) ಮಾಡುತ್ತಿದ್ದೇನೆ. ಟಿ-1 ಅನ್ನು 100, ಟಿ-2 ಅನ್ನು 250 ಮೈಕ್ರೊಸೆಕೆಂಡ್ ಎಂದು ಕೊಟ್ಟರೆ ಪ್ರೋಗ್ರಾಮ್ ತಕರಾರು ತೆಗೆಯುತ್ತದೆ. ಟಿ-2 ಅನ್ನು 80ಕ್ಕೆ ಇಳಿಸಿದರೆ ಓಡುತ್ತದೆ, ಆದರೆ ಗ್ರಾಫಿನಲ್ಲಿ ಏರಿಳಿತವೇ ಇಲ್ಲ, ಬರೀ ಇಳಿಜಾರು. ಡಿಟ್ಯೂನಿಂಗ್ (ಕ್ಯೂಬಿಟ್‌ಗೂ ಕೊಡುವ ಸಿಗ್ನಲ್‌ಗೂ ಇರುವ ಆವರ್ತಾಂಕದ ವ್ಯತ್ಯಾಸ) 0.2 ಮೆಗಾಹರ್ಟ್ಸ್, 5 ಮೈಕ್ರೊಸೆಕೆಂಡಿಗೊಂದು ಬಿಂದು. ಎಕೋ ಪಲ್ಸ್ ಹಾಕಿದರೂ ಟಿ-2 ಒಂದಿಷ್ಟೂ ಏರಲಿಲ್ಲ.
(ಇಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್)

ಮೂರೂ ಬೇರೆ ಬೇರೆ ತಪ್ಪು, ಮೂರೂ ಕಲಿಯಬೇಕಾದವೇ.

ಮೊದಲು ತಕರಾರು. ಟಿ-1 ಎಂದರೆ 1ರಲ್ಲಿದ್ದ ಕ್ಯೂಬಿಟ್ ಶಕ್ತಿ ಕಳೆದುಕೊಂಡು 0ಗೆ ಜಾರುವ ಕಾಲ. ಟಿ-2 ಎಂದರೆ ಫೇಸ್ ಉಳಿದಿರುವ ಕಾಲ. 0ಗೆ ಜಾರಿದ ಕ್ಯೂಬಿಟ್‌ನಲ್ಲಿ ಫೇಸ್ ಎಲ್ಲಿಂದ ಉಳಿದೀತು? ಹಾಗಾಗಿ ಟಿ-2 ಎಷ್ಟೇ ಚೆನ್ನಾಗಿದ್ದರೂ ಟಿ-1ರ ಎರಡು ಪಟ್ಟು ದಾಟುವಂತಿಲ್ಲ. ನಿಮ್ಮ ಲೆಕ್ಕದಲ್ಲಿ ಮಿತಿ 200. ಪ್ರೋಗ್ರಾಮ್ ಹೇಳಿದ್ದೇ ಸರಿ.

ಎರಡನೆಯದು ಬಿಂದುಗಳ ಅಂತರ. 0.2 ಮೆಗಾಹರ್ಟ್ಸ್ ಅಂದರೆ 5 ಮೈಕ್ರೊಸೆಕೆಂಡಿಗೆ ಒಂದು ಪೂರ್ತಿ ಸುತ್ತು. ನೀವೂ ಸರಿಯಾಗಿ ಐದೈದಕ್ಕೇ ಇಣುಕುತ್ತಿದ್ದೀರಿ. ಪ್ರತಿ ಸಲವೂ ಅಲೆಯ ನೆತ್ತಿಯೇ ಕಾಣುತ್ತದೆ. ಸಿಮ್ಯುಲೇಟರ್‌ನಲ್ಲಿ ಇದರಿಂದ ದೊಡ್ಡ ನಷ್ಟವಿಲ್ಲ, ಇಳಿಜಾರು ಸರಿಯಾಗಿಯೇ ಇರುತ್ತದೆ. ನಿಜವಾದ ಚಿಪ್‌ನಲ್ಲಿ ಡಿಟ್ಯೂನಿಂಗ್ 0.21 ಇದ್ದರೆ 100 ಮೈಕ್ರೊಸೆಕೆಂಡಿನ ಒಂದು ಸುಳ್ಳು ಅಲೆ ಕಾಣಿಸಿಕೊಳ್ಳುತ್ತದೆ, ಆವರ್ತಾಂಕದ ತಪ್ಪು 10 ಕಿಲೋಹರ್ಟ್ಸ್ ಮಾತ್ರ ಎಂದು ನೀವು ಬರೆದುಕೊಳ್ಳುತ್ತೀರಿ. 1 ಮೈಕ್ರೊಸೆಕೆಂಡಿಗೊಂದು ಬಿಂದು ತೆಗೆಯಿರಿ, 200ರ ತನಕ ಹೋಗಿ. ಒಂದೊಂದು ಬಿಂದುವಿಗೆ 1000 ಶಾಟ್ (ಸಲದ ಓಟ) ಇದ್ದರೆ ಮಧ್ಯಭಾಗದಲ್ಲಿ ಶೇ. 1.6ರಷ್ಟು ಅಲುಗಾಟ ಸಹಜ, ಅದಕ್ಕೆ ಹೆದರಬೇಡಿ.

ಕ್ರಮ ಹೀಗೆ: 90 ಡಿಗ್ರಿ ಎಕ್ಸ್ ಪಲ್ಸ್, ಕಾಯುವಿಕೆ, ಡಿಟ್ಯೂನಿಂಗ್, ಕಾಲ, 2π ಮೂರನ್ನೂ ಗುಣಿಸಿದ ಕೋನದಷ್ಟು ಆರ್‌ಝಡ್ (ಫೇಸ್ ತಿರುಗಿಸುವ ಕ್ರಿಯೆ), ಮತ್ತೆ 90 ಡಿಗ್ರಿ, ಅಳತೆ. ಕಾಯುವಿಕೆಗೆ ‘ಐಡಿ’ ಗೇಟ್ (ಗೇಟ್ ಎಂದರೆ ಕ್ಯೂಬಿಟ್ ಮೇಲೆ ಮಾಡುವ ಒಂದು ಕ್ರಿಯೆ) ಬಳಸಿ, ಒಂದೊಂದಕ್ಕೂ 1 ಮೈಕ್ರೊಸೆಕೆಂಡಿನ ಥರ್ಮಲ್ ರಿಲಾಕ್ಸೇಶನ್ ದೋಷ (ಟಿ-1, ಟಿ-2ಗೆ ತಕ್ಕ ಸೋರಿಕೆ) ಅಂಟಿಸಿದರೆ 50 ಐಡಿಗೆ 50 ಮೈಕ್ರೊಸೆಕೆಂಡ್ ಆಯಿತು. ಸರ್ಕಿಟ್ಟನ್ನು ಯಂತ್ರಕ್ಕೆ ಹೊಂದಿಸುವ ಟ್ರಾನ್ಸ್‌ಪೈಲರ್‌ನ ಆಪ್ಟಿಮೈಸೇಶನ್ ಮಟ್ಟವನ್ನು 0 ಮಾಡಲು ಮರೆಯಬೇಡಿ. ಇಲ್ಲದಿದ್ದರೆ ಅದು ‘ಏನೂ ಮಾಡದ ಗೇಟ್’ ಎಂದು ಐಡಿಗಳನ್ನೆಲ್ಲ ಕಿತ್ತುಹಾಕುತ್ತದೆ, ಕ್ಯೂಬಿಟ್ ಚಿರಂಜೀವಿಯಾಗುತ್ತದೆ. ಕಾಲದ ಮಾನಗಳೂ ಒಂದೇ ಇರಲಿ: ಟಿ-1 ಮೈಕ್ರೊದಲ್ಲಿ, ಗೇಟ್ ಕಾಲ ನ್ಯಾನೊದಲ್ಲಿ ಕೊಟ್ಟರೆ ಫಲಿತಾಂಶ ಸಾವಿರ ಪಟ್ಟು ಎಡವುತ್ತದೆ, ತಕರಾರು ಮಾತ್ರ ಬರುವುದಿಲ್ಲ.

ಮೂರನೆಯದು ಎಕೋ. 1950ರಲ್ಲಿ ಎರ್ವಿನ್ ಹಾನ್ ಕಂಡುಕೊಂಡ ಉಪಾಯ ಇದು: ಕಾಯುವ ಕಾಲದ ನಟ್ಟನಡುವೆ 180 ಡಿಗ್ರಿ ತಿರುಗಿಸಿದರೆ ಮೊದಲರ್ಧದಲ್ಲಿ ಸರಿದ ಫೇಸ್ ಎರಡನೆಯರ್ಧದಲ್ಲಿ ಹಿಂದಕ್ಕೆ ಬರುತ್ತದೆ. ಅದಕ್ಕೆ ಓಲಾಟ ನಿಧಾನದ್ದಾಗಿರಬೇಕು, ಎರಡೂ ಅರ್ಧಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿರಬೇಕು. ನೀವು ಅಂಟಿಸಿದ ದೋಷಕ್ಕೆ ನೆನಪೇ ಇಲ್ಲ. ಪ್ರತಿ ಮೈಕ್ರೊಸೆಕೆಂಡೂ ಅದಕ್ಕೆ ಹೊಸದು. ಎಕೋ ಏನು ಮಾಡೀತು? ನಿಜ ಚಿಪ್‌ನ ಹಾಗೆ ಬೇಕೆಂದರೆ ಪ್ರತಿ ಓಟಕ್ಕೂ ಡಿಟ್ಯೂನಿಂಗನ್ನು ಯಾದೃಚ್ಛಿಕವಾಗಿ ಬದಲಿಸಿ. 5 ಕಿಲೋಹರ್ಟ್ಸ್ ಹರಡಿನ ಗಾಸಿಯನ್‌ನಿಂದ 200 ಬೆಲೆ ತೆಗೆದು ಸರಾಸರಿ ಮಾಡಿದರೆ, ಈ ಓಲಾಟವೊಂದರಿಂದಲೇ ಅಲೆಯ ಎತ್ತರ ಸುಮಾರು 45 ಮೈಕ್ರೊಸೆಕೆಂಡಿಗೆ ಶೇ. 37ಕ್ಕೆ ಬೀಳುತ್ತದೆ. ನಿಮ್ಮ 80 ಅದರ ಜತೆ ಸೇರಿದರೆ ಇನ್ನೂ ಬೇಗ. ಹೀಗೆ ಎಕೋ ಇಲ್ಲದೆ ಸಿಗುವ ಕಾಲವೇ ಟಿ-2 ಸ್ಟಾರ್. ಈಗ ಎಕೋ ಹಾಕಿ ನೋಡಿ, 80 ವಾಪಸ್ ಬರುತ್ತದೆ. ಆರ್‌ಝಡ್ ಕೋನವನ್ನು ಎರಡೂ ಅರ್ಧಗಳಿಗೆ ಹಂಚಬೇಕು; ಕೊನೆಯಲ್ಲಿ ಒಟ್ಟಿಗೆ ಹಾಕಿದರೆ ಎಕೋಗೆ ಹಿಂದಿರುಗಿಸಲು ಏನೂ ಇರುವುದಿಲ್ಲ.

ಪ್ರಶ್ನೆ: ನಮ್ಮ ಐಸ್ ಪ್ಲಾಂಟಿನಲ್ಲಿ ಅಮೋನಿಯಾ ಕಂಪ್ರೆಸರ್ ಓಡಿಸಿ ಉಪ್ಪುನೀರನ್ನು ಮೈನಸ್ ಹತ್ತಕ್ಕೆ ಇಳಿಸಿದರೆ ಕೆಲಸ ಮುಗಿಯುತ್ತದೆ. ಕ್ವಾಂಟಮ್ ಕಂಪ್ಯೂಟರಿಗೆ ಮೈನಸ್ 273ರ ಹತ್ತಿರ ಬೇಕಂತೆ. ಅಷ್ಟು ಏಕೆ, ಹೇಗೆ? ನಮ್ಮ ಉಪ್ಪುಗಾಳಿಯಲ್ಲಿ, ಮಳೆಗಾಲದ ತೇವದಲ್ಲಿ ಅಂಥದ್ದು ಬಾಳೀತೇ?
(ರೆಫ್ರಿಜರೇಶನ್ ಮೆಕ್ಯಾನಿಕ್, ಮಲ್ಪೆ)

ಎಲ್ಲ ಬಗೆಯ ಕ್ಯೂಬಿಟ್‌ಗೂ ಬೇಡ. ಲೋಹದ ಸರ್ಕಿಟ್‌ನಿಂದ ಮಾಡಿದ ಸೂಪರ್‌ಕಂಡಕ್ಟಿಂಗ್ (ತಣ್ಣಗಾದಾಗ ವಿದ್ಯುತ್ತಿಗೆ ತಡೆಯೊಡ್ಡದ) ಕ್ಯೂಬಿಟ್‌ಗೆ ಬೇಕು. ಅದರ 0 ಮತ್ತು 1ರ ನಡುವಿನ ಶಕ್ತಿಯ ಮೆಟ್ಟಿಲು ಸುಮಾರು 5 ಗಿಗಾಹರ್ಟ್ಸ್. ಇದನ್ನು ತಾಪಕ್ಕೆ ತಿರುಗಿಸಿದರೆ 0.24 ಕೆಲ್ವಿನ್, ಅಂದರೆ ಸೊನ್ನೆ ಕೆಲ್ವಿನ್‌ನಿಂದ ಕಾಲು ಡಿಗ್ರಿಗೂ ಕಡಿಮೆ. ದ್ರವ ಹೀಲಿಯಮ್‌ನ 4 ಕೆಲ್ವಿನ್‌ನಲ್ಲಿಟ್ಟರೂ ಶಾಖವೇ ಅದನ್ನು ಮೇಲಕ್ಕೂ ಕೆಳಕ್ಕೂ ಎತ್ತಿಹಾಕುತ್ತಿರುತ್ತದೆ. 0 ಮತ್ತು 1 ಹೆಚ್ಚುಕಡಿಮೆ ಸಮಸಮ. 20 ಮಿಲಿಕೆಲ್ವಿನ್‌ಗೆ ಇಳಿಸಿದರೆ ತಾನಾಗಿ 1ಕ್ಕೆ ಹಾರುವ ಸಾಧ್ಯತೆ, ಲೆಕ್ಕದ ಪ್ರಕಾರ, ಹತ್ತು ಲಕ್ಷಕ್ಕೆ ಆರು.

ಹೇಗೆ ಎಂಬುದು ನಿಮಗೆ ಬೇಗ ಹಿಡಿಸುತ್ತದೆ. ಮೊದಲ ಹಂತ ಪಲ್ಸ್ ಟ್ಯೂಬ್: ಹೀಲಿಯಮ್ ಅನಿಲವನ್ನು ಒತ್ತಿ ಹಿಗ್ಗಿಸುವ, ತಣ್ಣನೆಯ ತುದಿಯಲ್ಲಿ ಚಲಿಸುವ ಭಾಗವೇ ಇಲ್ಲದ ಯಂತ್ರ. ಅದು 4 ಕೆಲ್ವಿನ್ ಆಸುಪಾಸಿಗೆ ತರುತ್ತದೆ. ಅಲ್ಲಿಂದ ಕೆಳಕ್ಕೆ ಹೀಲಿಯಮ್-3 ಮತ್ತು ಹೀಲಿಯಮ್-4ರ ಮಿಶ್ರಣ. 0.87 ಕೆಲ್ವಿನ್‌ಗಿಂತ ಕೆಳಗೆ ಇದು ಎಣ್ಣೆ-ನೀರಿನಂತೆ ಎರಡು ಪದರವಾಗುತ್ತದೆ. ಕೆಳಗಿನ ಪದರದಲ್ಲಿ ಶೇ. 6ಕ್ಕೂ ಸ್ವಲ್ಪ ಹೆಚ್ಚು ಹೀಲಿಯಮ್-3 ಉಳಿದೇ ಇರುತ್ತದೆ. ಪಂಪು ಆ ಹೀಲಿಯಮ್-3 ಅನ್ನು ಎಳೆಯುತ್ತಾ ಹೋದಂತೆ ಮೇಲಿನ ಪದರದಿಂದ ಕೆಳಕ್ಕೆ ಇನ್ನಷ್ಟು ಇಳಿಯುತ್ತದೆ, ಇಳಿಯುವಾಗ ಶಾಖ ಹೀರುತ್ತದೆ. ನಿಮ್ಮ ಎವಾಪೊರೇಟರ್‌ನಲ್ಲಿ ಅಮೋನಿಯಾ ಆವಿಯಾಗುವ ಕೆಲಸವೇ, ಆದರೆ ದ್ರವದೊಳಗೆ ನಡೆಯುತ್ತದೆ. ಎಳೆದ ಹೀಲಿಯಮ್-3 ಮೇಲೆ ಸುತ್ತಿ, ತಣಿದು, ಸಣ್ಣ ಕ್ಯಾಪಿಲರಿಯಂಥ ಕಿರಿದಾರಿಯಿಂದ ಮರಳಿ ಬರುತ್ತದೆ. ಸಾಮರ್ಥ್ಯ ಕೇಳಿದರೆ ನಗುತ್ತೀರಿ: ಒಂದು ಟನ್ ರೆಫ್ರಿಜರೇಶನ್ ಎಂದರೆ ಮೂರೂವರೆ ಕಿಲೋವಾಟ್, ಇಲ್ಲಿ 20 ಮಿಲಿಕೆಲ್ವಿನ್‌ನಲ್ಲಿ ಸಿಗುವುದು ಹತ್ತಿಪ್ಪತ್ತು ಮೈಕ್ರೊವಾಟ್. ಅಷ್ಟಕ್ಕೆ ಕಂಪ್ರೆಸರ್ ಒಂದೇ ಎಂಟು-ಹತ್ತು ಕಿಲೋವಾಟ್ ಕುಡಿಯುತ್ತದೆ.

ತಣ್ಣಗೆ ಮಾಡಿದರಷ್ಟೇ ಸಾಲದು. ಕ್ಯೂಬಿಟ್‌ಗೆ ಸಿಗ್ನಲ್ ಒಯ್ಯುವ ಕೇಬಲ್ ಕೋಣೆಯಿಂದ ಹೊರಟಿರುತ್ತದೆ, ಕೋಣೆಯ ಶಾಖವನ್ನೂ ಹೊತ್ತು ಇಳಿಯುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ 300 ಕೆಲ್ವಿನ್ ಎಂದರೆ ಸುಮಾರು 1250 ಫೋಟಾನ್‌ಗಳ ಗದ್ದಲ. ಕ್ಯೂಬಿಟ್‌ಗೆ ಒಂದೇ ಹೆಚ್ಚು. ಅದಕ್ಕೆ 4 ಕೆಲ್ವಿನ್‌ನಲ್ಲಿ 20 ಡೆಸಿಬೆಲ್, 100 ಮಿಲಿಕೆಲ್ವಿನ್‌ನಲ್ಲಿ 20, ತಳದಲ್ಲಿ 20 ಎಂದು ಸಿಗ್ನಲ್ ಕುಗ್ಗಿಸುವ ಅಟೆನ್ಯುಯೇಟರ್ ಕೂರಿಸುತ್ತಾರೆ; 20 ಡೆಸಿಬೆಲ್ ಎಂದರೆ ನೂರರಲ್ಲೊಂದು ಪಾಲಿಗೆ ಇಳಿಸುವುದು. ಮೂರನ್ನೂ 4 ಕೆಲ್ವಿನ್‌ನಲ್ಲೇ ಕೂರಿಸಿದರೆ? ಅಟೆನ್ಯುಯೇಟರ್ ತಾನೂ ತನ್ನ ತಾಪಕ್ಕೆ ತಕ್ಕಂತೆ ಹದಿನಾರು ಫೋಟಾನಿನ ಮಟ್ಟದ ಗದ್ದಲ ಉಗುಳುತ್ತದೆ. ಮೂರನ್ನೂ ತಳದಲ್ಲಿಟ್ಟರೆ ಸಿಗ್ನಲ್‌ನ ಶಾಖವೆಲ್ಲ ಆ ಹತ್ತಿಪ್ಪತ್ತು ಮೈಕ್ರೊವಾಟಿನ ತಲೆಯ ಮೇಲೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರೆ ತಳದಲ್ಲಿ ಉಳಿಯುವುದು ಸಾವಿರಕ್ಕೆ ನಾಲ್ಕು ಫೋಟಾನಿನ ಮಟ್ಟ.

ಇನ್ನು ನಮ್ಮ ಹವೆ. ಓಡುತ್ತಿರುವ ಯಂತ್ರದೊಳಗೆ ನಿರ್ವಾತ. ಹೊರಗೆ ಆಟಿಯ ಮಳೆ ಸುರಿದರೂ ಕ್ಯೂಬಿಟ್‌ಗೆ ತಿಳಿಯುವುದಿಲ್ಲ. ತೊಂದರೆ ಬರುವುದು ಬಾಗಿಲು ತೆರೆಯುವಾಗ. ಪೂರ್ತಿ ಬೆಚ್ಚಗಾಗುವ ಮೊದಲೇ ತೆರೆದರೆ ಕನೆಕ್ಟರ್‌ಗಳ ಮೇಲೆಲ್ಲ ನೀರು ಬೆವರುತ್ತದೆ. ಒಣ ನೈಟ್ರೋಜನ್ ತುಂಬಿಸಿ, ಕೋಣೆಯ ತಾಪಕ್ಕೆ ಬಂದ ಮೇಲಷ್ಟೇ ತೆರೆಯಬೇಕು. ಮಿಶ್ರಣದ ಲೈನಿನಲ್ಲಿ ಕೂದಲೆಳೆಯಷ್ಟು ಲೀಕ್ ಇದ್ದರೂ ಗಾಳಿ, ತೇವ ಒಳಗೆ ಸೇರಿ ಕಿರಿದಾರಿಯಲ್ಲಿ ಹೆಪ್ಪುಗಟ್ಟುತ್ತದೆ. ಮಾಯಿಶ್ಚರ್ ಚೋಕ್ ನೀವು ಕಂಡದ್ದೇ, ಲಕ್ಷಣವೂ ಅದೇ: ಹಿಂದಿನ ಒತ್ತಡ ಏರುತ್ತದೆ, ಹರಿವು ಇಳಿಯುತ್ತದೆ. ಅದನ್ನು ತಡೆಯಲು ದ್ರವ ನೈಟ್ರೋಜನ್‌ನಲ್ಲಿ ಮುಳುಗಿಸಿದ ಟ್ರಾಪ್ ಇರುತ್ತದೆ. ಅದನ್ನು ಕಾಲಕಾಲಕ್ಕೆ ಕಾಯಿಸಿ ಸ್ವಚ್ಛ ಮಾಡಬೇಕು. ಕರೆಂಟು ಹೋದರೆ ಪಲ್ಸ್ ಟ್ಯೂಬ್ ನಿಲ್ಲುತ್ತದೆ, ಮಿಶ್ರಣ ಕುದಿದು ಟ್ಯಾಂಕಿಗೆ ಮರಳಬೇಕು. ದುಬಾರಿಯಾದ ಹೀಲಿಯಮ್-3 ಹೊರಗೆ ಹೋಗದ ಹಾಗೆ ವಾಲ್ವುಗಳನ್ನು ಯುಪಿಎಸ್ ಮೇಲೆ ಇಟ್ಟಿರುತ್ತಾರೆ. ಬೆಚ್ಚಗಾದ ಮೇಲೆ ಮತ್ತೆ ಇಳಿಸಲು ಒಂದೆರಡು ದಿನ. ಇಳಿದ ಮೇಲೂ ಅದೇ ಕ್ಯೂಬಿಟ್ ಸಿಗುವುದಿಲ್ಲ, ಆವರ್ತಾಂಕ ಸ್ವಲ್ಪ ಸರಿದಿರುತ್ತದೆ, ಎಲ್ಲವನ್ನೂ ಮರಳಿ ಹೊಂದಿಸಬೇಕು. ಉಪ್ಪುಗಾಳಿಗೆ ಬಲಿಯಾಗುವುದು ಹೊರಗಿನ ಚಿಲ್ಲರ್‌ನ ಫಿನ್ನುಗಳು. ಅದು ನಿಮಗೆ ಹೊಸತಲ್ಲ. ತೇವದಿಂದ ಒಂದು ಲಾಭವೂ ಇದೆಯೆನ್ನಿ: ಚಿಪ್ ಮುಟ್ಟುವಾಗ ಮೈಯ ಸ್ಥಿರವಿದ್ಯುತ್ ಅದರ ಸೂಕ್ಷ್ಮ ಜೋಡಣೆಯನ್ನು (ಜಂಕ್ಷನ್) ಸುಡುವ ಭಯ ಒಣ ಊರುಗಳಲ್ಲೇ ಹೆಚ್ಚು.

ಪ್ರಶ್ನೆ: ಇಷ್ಟೆಲ್ಲ ತಣ್ಣಗೆ ಮಾಡಿ, ಮುಚ್ಚಿಟ್ಟ ಮೇಲೂ ಟಿ-1 ಮೈಕ್ರೊಸೆಕೆಂಡುಗಳಲ್ಲೇ ನಿಂತಿರುವುದು ಏಕೆ?
(ಎಂ.ಎಸ್ಸಿ. ವಿದ್ಯಾರ್ಥಿನಿ, ಕೊಣಾಜೆ)

ಈಗ ಗೋಡೆಯ ಕಿವಿಯೇ ಸಿಕ್ಕಿಬಿದ್ದಿದೆ, ಲೋಹದ ಮೇಲಿನ ಆಕ್ಸೈಡ್ ಪೊರೆ. ಅದರಲ್ಲಿ ಪರಮಾಣುಗಳು ಸಾಲಾಗಿ ಕೂತಿಲ್ಲ. ಕೆಲವು ಎರಡು ಜಾಗಗಳ ನಡುವೆ ಹಾರಾಡುತ್ತವೆ. ಅವುಗಳಲ್ಲಿ ಯಾವುದಾದರೂ ಒಂದರ ಆವರ್ತಾಂಕ ಕ್ಯೂಬಿಟ್‌ನದಕ್ಕೆ ಹೊಂದಿಕೊಂಡರೆ ಶಕ್ತಿ ಅತ್ತ ಹರಿಯುತ್ತದೆ. ಇವು ತಾವೂ ಅತ್ತಿತ್ತ ಸರಿಯುವುದರಿಂದ ಬೆಳಗ್ಗೆ ಚೆನ್ನಾಗಿದ್ದ ಕ್ಯೂಬಿಟ್ ಸಂಜೆಗೆ ಅರ್ಧವಾಗುವುದುಂಟು. ಒಂದೇ ಸಲ ಅಳೆದ ಟಿ-1ಗೆ ಬೆಲೆ ಕೊಡಬೇಡಿ. ಇನ್ನೊಂದು ಸೋರಿಕೆ ಬೆಳಕು: ಸುಮಾರು 90 ಗಿಗಾಹರ್ಟ್ಸ್ ದಾಟಿದ ಯಾವ ವಿಕಿರಣವೂ ಅಲ್ಯೂಮಿನಿಯಮ್‌ನ ಎಲೆಕ್ಟ್ರಾನ್ ಜೋಡಿಗಳನ್ನು ಒಡೆಯಬಲ್ಲದು. ಆದ್ದರಿಂದ ಪೆಟ್ಟಿಗೆಯ ಒಳಗೋಡೆಗೆ ಇನ್‌ಫ್ರಾರೆಡ್ ಹೀರುವ ಲೇಪ, ಕೇಬಲ್‌ಗೆ ಫಿಲ್ಟರ್.

ಜಪಾನಿನಲ್ಲಿ 1999ರಲ್ಲಿ ಮಾಡಿದ ಮೊದಲ ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್‌ನ ಫೇಸ್ ಬಾಳಿದ್ದು ಕೆಲವೇ ನ್ಯಾನೊಸೆಕೆಂಡ್. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2007ರಲ್ಲಿ ತಂದ ಟ್ರಾನ್ಸ್‌ಮಾನ್ ವಿನ್ಯಾಸ ವಿದ್ಯುದಂಶದ ಗದ್ದಲಕ್ಕೆ ಕ್ಯೂಬಿಟ್ಟನ್ನು ಕಿವುಡಾಗಿಸಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ನಯೋಬಿಯಮ್ ಬಿಟ್ಟು ಟ್ಯಾಂಟಲಮ್ ಹಿಡಿದು 2021ರಲ್ಲಿ 300 ಮೈಕ್ರೊಸೆಕೆಂಡ್ ದಾಟಿದರು. ಟ್ಯಾಂಟಲಮ್‌ನ ಆಕ್ಸೈಡ್ ಗಟ್ಟಿ, ಆಮ್ಲದಲ್ಲಿ ತೊಳೆದರೂ ತಡೆಯುತ್ತದೆ. ನೀಲಮಣಿಯ ಬದಲು ಸಿಲಿಕಾನ್ ಮೇಲೆ ಟ್ಯಾಂಟಲಮ್ ಹಾಸಿ 2025ರಲ್ಲಿ 1 ಮಿಲಿಸೆಕೆಂಡನ್ನೂ ದಾಟಿದ್ದಾರೆ. ಮೆಟೀರಿಯಲ್ಸ್ ಓದಿದವರಿಗೆ ಇಲ್ಲಿ ಕೆಲಸ ಬೇಕಷ್ಟಿದೆ.

ಪ್ರಶ್ನೆ: ಅಯಾನುಗಳ (ವಿದ್ಯುದಂಶ ಹೊತ್ತ ಪರಮಾಣುಗಳ) ಕ್ಯೂಬಿಟ್ ಒಂದು ಗಂಟೆ ಬಾಳುತ್ತದಂತೆ. ಮತ್ತೆ ಮೈಕ್ರೊಸೆಕೆಂಡಿನ ಚಿಪ್‌ಗೆ ಏಕೆ ಜೋತುಬಿದ್ದಿದ್ದಾರೆ?
(ಓದುಗರು, ಮಣಿಪಾಲ)

ಗಂಟೆಯ ಮಾತು ನಿಜ. ಚೀನಾದ ಸಂಶೋಧಕರು 2021ರಲ್ಲಿ ಒಂದೇ ಒಂದು ಇಟರ್ಬಿಯಮ್ ಅಯಾನಿನಲ್ಲಿ ಅದನ್ನು ತೋರಿಸಿದರು. ಅದು ಸುಮ್ಮನೆ ನೆನಪಿಟ್ಟುಕೊಂಡು ಕೂತ ಕಾಲ, ಗಣನೆ ಮಾಡಿದ ಕಾಲವಲ್ಲ. ಎರಡು ಅಯಾನುಗಳ ನಡುವೆ ಗೇಟ್ ಮಾಡಬೇಕೆಂದರೆ ಲೇಸರ್‌ನಿಂದ ಅವುಗಳ ಜಂಟಿ ಕಂಪನವನ್ನು ಮೀಟಬೇಕು, ಸೋರಿಕೆಯೆಲ್ಲ ಆಗಲೇ ಶುರು. ಅಂಥ ಗೇಟಿಗೆ ಹತ್ತಾರರಿಂದ ನೂರಾರು ಮೈಕ್ರೊಸೆಕೆಂಡ್ ಬೇಕು. ಚಿಪ್‌ನಲ್ಲಿ 50 ನ್ಯಾನೊಸೆಕೆಂಡ್ ಸಾಕಾದೀತು. ನೋಡಬೇಕಾದ್ದು ಆಯಸ್ಸನ್ನಲ್ಲ, ಆಯಸ್ಸಿಗೂ ಗೇಟ್ ಕಾಲಕ್ಕೂ ಇರುವ ಅನುಪಾತವನ್ನು. 100 ಮೈಕ್ರೊಸೆಕೆಂಡ್ ಬಾಳುವ ಚಿಪ್‌ಗೆ ಅದು 2000. ಗೇಟಿಗೆ 200 ಮೈಕ್ರೊಸೆಕೆಂಡ್ ಹಿಡಿದು ಒಂದು ಸೆಕೆಂಡ್ ಬಾಳುವ ಅಯಾನಿಗೆ 5000. ಗಂಟೆ-ಮೈಕ್ರೊಸೆಕೆಂಡಿನ ಅಂತರ ಇಲ್ಲಿ ಬಂದು ಇಷ್ಟಕ್ಕೆ ಇಳಿಯುತ್ತದೆ. ವೇಗದಲ್ಲಿ ಚಿಪ್ ಗೆಲ್ಲುತ್ತದೆ, ಗೇಟಿನ ನಿಖರತೆಯಲ್ಲಿ ಸಾಮಾನ್ಯವಾಗಿ ಅಯಾನು.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತ. ನಮ್ಮ ಜಿಲ್ಲೆಗಳೇ ಬ್ಯಾಂಕುಗಳ ತವರು. ಕ್ವಾಂಟಮ್ ಕಂಪ್ಯೂಟರ್ ಬಂದು ಗೂಢಲಿಪಿ ಒಡೆಯುತ್ತದೆ ಎಂದು ಹೆದರಿಸುತ್ತಾರೆ. ಡಿಕೊಹೆರೆನ್ಸ್ ಅದನ್ನು ತಡೆಯುತ್ತದೆಯೇ?
(ಕಿನ್ನಿಮುಲ್ಕಿ, ಉಡುಪಿ)

ಈಗ ತಡೆದಿರುವುದು ಅದೇ ಸರ್. ಒಳ್ಳೆಯ ಯಂತ್ರದಲ್ಲೂ ಸಾವಿರ ಗೇಟಿಗೆ ಒಂದರ ಆಸುಪಾಸಿನಲ್ಲಿ ತಪ್ಪುತ್ತದೆ. ಇಂದು ವ್ಯಾಪಕವಾಗಿ ಬಳಸುವ ಆರ್‌ಎಸ್‌ಎ ಎಂಬ ಗೂಢಲಿಪಿ ಒಡೆಯಲು ಕೋಟಿ ಕೋಟಿ ಗೇಟುಗಳು ತಪ್ಪಿಲ್ಲದೆ ನಡೆಯಬೇಕು. ದಾರಿ ದೋಷ ತಿದ್ದುಪಡಿ. ಕ್ಯೂಬಿಟ್ಟನ್ನು ನೋಡಿದರೆ ಗುಟ್ಟು ಕೆಡುತ್ತದಲ್ಲ, ತಪ್ಪನ್ನು ಹುಡುಕುವುದು ಹೇಗೆ? ‘ನೀನು ಯಾವುದು’ ಎಂದು ಕೇಳದೆ ‘ಪಕ್ಕದವನೂ ನೀನೂ ಒಂದೇಯೋ ಬೇರೆಯೋ’ ಎಂದಷ್ಟೇ ಕೇಳುತ್ತಾರೆ. ಲೆಡ್ಜರಿನ ಒಂದೊಂದು ಖಾತೆ ತೆರೆಯದೆ ಎರಡು ಕಡೆಯ ಮೊತ್ತ ತಾಳೆ ನೋಡಿದ ಹಾಗೆ. ಇದಕ್ಕೆ ದಾರಿ ತೋರಿದವರು ಪೀಟರ್ ಶೋರ್, 1995ರಲ್ಲಿ. ಅದಕ್ಕೊಂದು ವರ್ಷ ಮೊದಲು ಗೂಢಲಿಪಿ ಒಡೆಯುವ ಕ್ರಮ ಕೊಟ್ಟವರೂ ಅವರೇ.

ಗೂಗಲ್‌ನ 105 ಕ್ಯೂಬಿಟ್‌ಗಳ ವಿಲೋ ಚಿಪ್ ಡಿಸೆಂಬರ್ 2024ರಲ್ಲಿ ಒಂದು ಮುಖ್ಯ ಸಂಗತಿ ತೋರಿಸಿತು: ತಿದ್ದುವ ಜಾಲವನ್ನು 3, 5, 7 ಎಂದು ದೊಡ್ಡದು ಮಾಡಿದಂತೆ ಪ್ರತಿ ಹೆಜ್ಜೆಗೂ ದೋಷ 2.14 ಪಟ್ಟು ಇಳಿಯಿತು. 101 ಕ್ಯೂಬಿಟ್ ಸೇರಿ ಆದ ಒಂದು ತಾರ್ಕಿಕ ಕ್ಯೂಬಿಟ್ ತನ್ನಲ್ಲಿದ್ದ ಅತ್ಯುತ್ತಮ ಕ್ಯೂಬಿಟ್‌ಗಿಂತ 2.4 ಪಟ್ಟು ಹೆಚ್ಚು ಬಾಳಿತು. 2048 ಬಿಟ್‌ನ ಆರ್‌ಎಸ್‌ಎಗೆ 2 ಕೋಟಿ ಕ್ಯೂಬಿಟ್, 8 ಗಂಟೆ ಬೇಕು ಎಂದು 2019ರಲ್ಲಿ ಲೆಕ್ಕ ಹಾಕಿದ್ದರು. 2025ರ ಹೊಸ ಲೆಕ್ಕದಲ್ಲಿ ಅದು 10 ಲಕ್ಷಕ್ಕಿಂತ ಕಡಿಮೆ ಕ್ಯೂಬಿಟ್, ಒಂದು ವಾರದೊಳಗೆ ಎಂದಾಗಿದೆ. ನೂರೈದಕ್ಕೂ ಹತ್ತು ಲಕ್ಷಕ್ಕೂ ನಡುವೆ ದಾರಿ ದೂರವಿದೆ, ಆದರೆ ಗುರಿಯೇ ಹತ್ತಿರ ಸರಿಯುತ್ತಿದೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಕ್ವಾಂಟಮ್‌ಗೂ ಜಗ್ಗದ ಮೂರು ಹೊಸ ಗೂಢಲಿಪಿ ಮಾನಕಗಳನ್ನು ಆಗಸ್ಟ್ 2024ರಲ್ಲೇ ಹೊರಡಿಸಿದೆ. ಖಾತೆದಾರರು ಮಾಡಬೇಕಾದ್ದು ಬ್ರೌಸರ್, ಆ್ಯಪ್‌ಗಳನ್ನು ಅಪ್‌ಡೇಟ್ ಮಾಡುತ್ತಿರುವುದಷ್ಟೇ. ಬ್ಯಾಂಕುಗಳಿಗೆ ಮಾತ್ರ ಬಿಡುವಿಲ್ಲ: ಇಂದು ಕದ್ದಿಟ್ಟ ದತ್ತಾಂಶವನ್ನು ಹತ್ತಿಪ್ಪತ್ತು ವರ್ಷ ಬಿಟ್ಟು ಒಡೆಯಬಹುದು.

ಇದೇ ಓದುಗರು ನಮ್ಮ ದೇಶದ ಸ್ಥಿತಿಯನ್ನೂ ಕೇಳಿದ್ದಾರೆ. ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಏಪ್ರಿಲ್ 2023ರಲ್ಲಿ 6,003.65 ಕೋಟಿ ರೂಪಾಯಿ ಮಂಜೂರಾಗಿದೆ; ಎಂಟು ವರ್ಷದಲ್ಲಿ 50ರಿಂದ 1000 ಕ್ಯೂಬಿಟ್ ಗುರಿ. ಗಣನೆಯ ಕೇಂದ್ರ ಬೆಂಗಳೂರಿನ ಐಐಎಸ್‌ಸಿ. ಮುಂಬಯಿಯ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) 6 ಕ್ಯೂಬಿಟ್‌ನ ಪ್ರೊಸೆಸರ್ ಪರೀಕ್ಷಿಸಿದೆ. ಬೆಂಗಳೂರಿನ ಒಂದು ಕಂಪನಿ 2025ರಲ್ಲಿ 25 ಕ್ಯೂಬಿಟ್‌ನದನ್ನು ಪ್ರಕಟಿಸಿದೆ. ಇಂಥ ಸುದ್ದಿ ಓದುವಾಗ ಕ್ಯೂಬಿಟ್ ಎಣಿಕೆ ಬಿಟ್ಟು ಮೂರು ಅಂಕಿ ಹುಡುಕಿ: ಎಲ್ಲ ಕ್ಯೂಬಿಟ್‌ಗಳ ಟಿ-1, ಟಿ-2ರ ಮಧ್ಯಕ ಎಷ್ಟು (ಒಂದೇ ಒಂದು ಒಳ್ಳೆಯ ಕ್ಯೂಬಿಟ್‌ನದಲ್ಲ), ಎರಡು ಕ್ಯೂಬಿಟ್ ಗೇಟಿನ ದೋಷ ಶೇಕಡ ಎಷ್ಟು, ಅದನ್ನು ಅಳೆಯುವಾಗ ಅಕ್ಕಪಕ್ಕದ ಕ್ಯೂಬಿಟ್‌ಗಳೂ ಓಡುತ್ತಿದ್ದವೇ ಅಥವಾ ಸುಮ್ಮನಿದ್ದವೇ.